ಪ್ಲಾಸ್ಟಿಕ್ ಟ್ರಾಲಿ: 7 ಕೆ.ಜಿ. ಉಳಿತಾಯವನ್ನು ನಂಬಬಹುದಾ?

ಗ್ಯಾಲಿಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆರು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ. ಈಗ ವಿಮಾನದೊಳಗಿನ ಊಟ-ತಿಂಡಿ ಸೇವೆಯ ಸಾಮಾನು ನೋಡಿಕೊಳ್ಳುವ ವಿಭಾಗಕ್ಕೆ ಬಂದು ನಾಲ್ಕು ತಿಂಗಳಾಗಿದೆ. ಊಟದ ಟ್ರಾಲಿಗಳನ್ನು ಬದಲಾಯಿಸುವ ಮಾತು ನಡೆಯುತ್ತಿದೆ. ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಈಗ ನಮ್ಮಲ್ಲಿ ಇರುವುದು ಹಳೆಯ ಅಲ್ಯೂಮಿನಿಯಂ ಟ್ರಾಲಿಗಳು, ಫುಲ್ ಸೈಜ್. ಮೊನ್ನೆ ಒಂದು ಖಾಲಿ ಟ್ರಾಲಿಯನ್ನು ನಾನೇ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. 23 ಕೆ.ಜಿ. ಬಂತು. ಮಾರುವವರು ತಂದು ತೋರಿಸಿದ ಪ್ಲಾಸ್ಟಿಕ್ ಟ್ರಾಲಿ 16 ಕೆ.ಜಿ. ಪಕ್ಕದ ಗೋಡೆಗಳು ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ತಳ ಮಾತ್ರ ಅಲ್ಯೂಮಿನಿಯಂ. ಒಂದು ವಿಮಾನಕ್ಕೆ ಎಂಟು ಟ್ರಾಲಿ ಹಾಕುತ್ತೇವೆ. ಅಂದರೆ 56 ಕೆ.ಜಿ. ಕಡಿಮೆ. ನಮ್ಮ ಮ್ಯಾನೇಜರಿಗೆ ಈ ಒಂದು ಅಂಕಿ ಸಾಕು. ನನಗೆ ಸಾಲದು.

ನನ್ನ ಪ್ರಶ್ನೆ ಇಷ್ಟು. ಪ್ಲಾಸ್ಟಿಕ್ ಅಂದ ಮೇಲೆ ಬೆಂಕಿಯ ಕಥೆ ಏನು? ದಿನಾ ಗುದ್ದಿಸಿಕೊಳ್ಳುವ ವಸ್ತು ಇದು, ಎಷ್ಟು ವರ್ಷ ಬಾಳುತ್ತದೆ? 56 ಕೆ.ಜಿ.ಗೆ ನಿಜವಾಗಿ ಎಷ್ಟು ಇಂಧನ ಉಳಿಯುತ್ತದೆ? ಮತ್ತೆ, ತಳ್ಳುವವರಿಗೆ ಇದರಿಂದ ಸುಖ ಇದೆಯಾ? ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ನೋಯುತ್ತದೆ. ಅದಕ್ಕೇ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದೆ ಈ ವರದಿಗೆ ಸಹಿ ಹಾಕಲು ನನಗೆ ಮನಸ್ಸಿಲ್ಲ.

ಹಳೇ ಕ್ರೂ ಉತ್ತರ:

ತಂಗಿ ಅಂತಲೇ ಕರೆಯುತ್ತೇನೆ. ನಾನು 21 ವರ್ಷ ಹಾರಿದವಳು. ನಿನ್ನ ಕೊನೆಯ ಪ್ರಶ್ನೆಗೆ ಮಾತ್ರ ನಾನು ಹೇಳಬಲ್ಲೆ.

ವಿಮಾನ ಮೇಲೆ ಸಮವಾಗಿ ಹಾರುತ್ತಿದ್ದಾಗಲೂ ಮೂಗು ಎರಡು ಮೂರು ಡಿಗ್ರಿ ಮೇಲೆತ್ತಿಕೊಂಡೇ ಇರುತ್ತದೆ. ಹಿಂದಿನ ಗ್ಯಾಲಿಯಿಂದ, ಅಂದರೆ ವಿಮಾನದ ಅಡುಗೆ ಜಾಗದಿಂದ, ಮುಂದಕ್ಕೆ ಹೋಗುವುದು ಎಂದರೆ ಏರು ಹತ್ತಿದ ಹಾಗೆ. ಇದು ನಿನಗೂ ಗೊತ್ತು. ತುಂಬಿದ ಟ್ರಾಲಿ 80 ಕೆ.ಜಿ. ಇದೆ ಅಂದುಕೋ. ಮೂರು ಡಿಗ್ರಿ ಏರಿನಲ್ಲಿ ಅದು ಹಿಂದಕ್ಕೆ ಜಾರದ ಹಾಗೆ ಹಿಡಿಯಲೇ ಸುಮಾರು 4 ಕೆ.ಜಿ. ಎತ್ತುವಷ್ಟು ಬಲ ಬೇಕು. ಅದೇ ಟ್ರಾಲಿ 7 ಕೆ.ಜಿ. ಹಗುರ ಆದರೆ ಆ ಬಲದಲ್ಲಿ ಕಡಿಮೆ ಆಗುವುದು 400 ಗ್ರಾಮಿಗಿಂತ ಕಡಿಮೆ. ನನ್ನ ಮಗ ಲೆಕ್ಕ ಹಾಕಿ ತೋರಿಸಿದಾಗ ನಾನೇ ನಂಬಲಿಲ್ಲ.

ಕೈ, ಸೊಂಟ ಮುರಿಯುವುದು ಚಕ್ರ. ಕಾರ್ಪೆಟ್ಟಿನ ನೂಲು, ತಲೆಕೂದಲು ಅಚ್ಚಿಗೆ ಸುತ್ತಿಕೊಂಡು ಒಂದು ಚಕ್ರ ತಿರುಗದೇ ಇದ್ದರೆ ಸಾಕು, ಹಗುರದ ಟ್ರಾಲಿಯೂ ಬಂಡೆ ಆಗುತ್ತದೆ. ಒಂದು ಪಕ್ಕಕ್ಕೆ ಎಳೆಯುವ ಟ್ರಾಲಿಯನ್ನು ನೇರ ಇಟ್ಟುಕೊಳ್ಳಲು ಮಣಿಕಟ್ಟನ್ನು ತಿರುಚಿ ತಿರುಚಿ ಹಿಡಿಯುತ್ತೇವೆ. ನಿನ್ನ ನೋವು ಅಲ್ಲಿಂದ ಬಂದಿದ್ದು ಅಂತ ನನ್ನ ಅನಿಸಿಕೆ.

ಮಾದರಿ ಬಂದಾಗ ಪೂರ್ತಿ ತುಂಬಿಸಿ, ಕಾರ್ಪೆಟ್ ಮೇಲೆ ತಳ್ಳಿ ನೋಡು. ಕೆಂಪು ಪೆಡಲ್ ಒತ್ತಿದರೆ ಅಲ್ಲೇ ನಿಲ್ಲಬೇಕು, ಹಸಿರು ಒತ್ತಿದರೆ ಒಂದೇ ಸಲಕ್ಕೆ ಬಿಡಬೇಕು. ಬಾಗಿಲು ಪೂರ್ತಿ ಸುತ್ತಿ, 270 ಡಿಗ್ರಿ, ಪಕ್ಕಕ್ಕೆ ಅಂಟಿ ನಿಲ್ಲುತ್ತದಾ ನೋಡು. ನಿಲ್ಲದಿದ್ದರೆ ಅದು ಅಂಚಿನ ಸೀಟಿನವರ ಮೊಣಕೈಗೆ ಬಡಿಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ನನಗೆ ಇಷ್ಟವಾಗಿದ್ದು ಒಂದೇ, ಸದ್ದು ಕಡಿಮೆ. ರಾತ್ರಿ ಹಾರಾಟದಲ್ಲಿ ಮಲಗಿದವರ ನಡುವೆ ಹೋಗುವಾಗ ಅದು ಸಣ್ಣ ವಿಷಯ ಅಲ್ಲ.

ರಿಪೇರಿ ಬೆಂಚು ಉತ್ತರ:

ಮೇಡಂ, 17 ವರ್ಷದಿಂದ ಟ್ರಾಲಿ ರಿಪೇರಿಯೇ ನನ್ನ ಕೆಲಸ. ನೀವು ಟ್ರಾಲಿಯನ್ನು ಗಾಳಿಯಲ್ಲಿ ನೋಡಿದ್ದೀರಿ, ನಾನು ನೆಲದ ಮೇಲೆ ನೋಡುತ್ತೇನೆ. ಅದರ ಕಷ್ಟದ ದಿನಗಳೆಲ್ಲ ನೆಲದ ಮೇಲೇ. ಇದನ್ನು ದಯವಿಟ್ಟು ನಿಮ್ಮ ವರದಿಯಲ್ಲಿ ಬರೆಯಿರಿ: ಪ್ಲಾಸ್ಟಿಕ್ ಟ್ರಾಲಿ ಬಾಳುತ್ತದೋ ಇಲ್ಲವೋ ಅನ್ನುವುದು ತೊಳೆಯುವ ಜಾಗದಲ್ಲಿ ತೀರ್ಮಾನ ಆಗುತ್ತದೆ, ವಿಮಾನದಲ್ಲಿ ಅಲ್ಲ.

ನಾನು ಹಿಂದೆ ಇದ್ದ ಒಂದು ಕಡೆ ನಡೆದದ್ದು ಹೇಳುತ್ತೇನೆ. ಹೊಸ ಪಾಲಿಕಾರ್ಬನೇಟ್ ಟ್ರಾಲಿಗಳು ಬಂದವು. ಮೊದಲ ಎಂಟು ತಿಂಗಳು ಒಂದು ದೂರು ಇಲ್ಲ. ಆಮೇಲೆ ತೊಳೆಯುವ ಯಂತ್ರಕ್ಕೆ ಹಾಕುವ ಸೋಪನ್ನು ಬದಲಾಯಿಸಿದರು. ಕೊಬ್ಬಿನ ಕಲೆ ಬೇಗ ಬಿಡಲಿ ಅಂತ ಕ್ಷಾರ ಜಾಸ್ತಿ ಇರುವುದನ್ನು ತಂದರು. ನಮಗೆ ಯಾರೂ ಹೇಳಲಿಲ್ಲ. ಎರಡು ತಿಂಗಳಲ್ಲಿ ಬಾಗಿಲಿನ ಹಿಂಜ್ ಸುತ್ತ, ಲ್ಯಾಚ್ ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕು. ಮೊದಲು ಗೀರು ಅಂದುಕೊಂಡೆವು. ಉಗುರು ಹಾಕಿದರೆ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಒಂದು ದಿನ ನನ್ನ ಕೈಯಲ್ಲೇ ಒಂದು ಬಾಗಿಲು ಹಿಂಜ್ ಸಮೇತ ಕಿತ್ತು ಬಂತು.

ಕಾರಣ ಸರಳ. ಪಾಲಿಕಾರ್ಬನೇಟ್ ಸುತ್ತಿಗೆ ಏಟು ತಾಳುತ್ತದೆ, ಬಿಸಿ ಕ್ಷಾರದ ನೀರನ್ನು ತಾಳುವುದಿಲ್ಲ. ಅದರಲ್ಲೂ ಎಲ್ಲಿ ಎಳೆತ ಇದೆಯೋ ಅಲ್ಲಿ ಮೊದಲು ಒಡೆಯುತ್ತದೆ. ಬಿಗಿಯಾಗಿ ತಿರುಗಿಸಿದ ಸ್ಕ್ರೂ ಸುತ್ತ ಎಳೆತ ಯಾವಾಗಲೂ ಇರುತ್ತದೆ. ಎಳೆತ, ಬಿಸಿ, ಕ್ಷಾರ ಮೂರೂ ಒಂದೇ ಜಾಗದಲ್ಲಿ ಸೇರಿದರೆ ಮುಗಿಯಿತು. ಅಮೋನಿಯಾ ಇರುವ ದ್ರವದಲ್ಲಿ ಒರೆಸುವುದೂ ಅಷ್ಟೇ ಕೆಟ್ಟದ್ದು. ನಿಜ ಹೇಳಬೇಕೆಂದರೆ ಅಲ್ಯೂಮಿನಿಯಮ್ಮಿಗೂ ಗಟ್ಟಿ ಕ್ಷಾರ ಆಗುವುದಿಲ್ಲ, ಮೇಲ್ಮೈ ಕಪ್ಪಾಗುತ್ತದೆ, ಸವೆಯುತ್ತದೆ. ಆದರೆ ಅದು ಕಣ್ಣಿಗೆ ಕಾಣುತ್ತದೆ, ಸಮಯ ಕೊಡುತ್ತದೆ.

ಎರಡನೆಯದು ಹಿಗ್ಗುವಿಕೆ. ಊಟ ತಂಪಾಗಿಡಲು ಹಾಕುವ ಡ್ರೈ ಐಸ್ ಮೈನಸ್ 78.5 ಡಿಗ್ರಿ. ಅದನ್ನು ಮೇಲಿನ ತಟ್ಟೆಯಲ್ಲಿ ಇಟ್ಟಾಗ ಪಕ್ಕದ ಗೋಡೆಯ ಮೇಲ್ಭಾಗ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕೆಲವು ಗಂಟೆ ಕಳೆದರೆ ಅದೇ ಗೋಡೆ 70 ಡಿಗ್ರಿ ನೀರಿನಲ್ಲಿ. ವ್ಯತ್ಯಾಸ 80 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಎತ್ತರಕ್ಕೆ ಅಲ್ಯೂಮಿನಿಯಂ 2 ಮಿ.ಮೀ.ಗಿಂತ ಕಡಿಮೆ ಹಿಗ್ಗುತ್ತದೆ. ಪಾಲಿಕಾರ್ಬನೇಟ್ 5 ಮಿ.ಮೀ. ದಾಟುತ್ತದೆ. ಪ್ಲಾಸ್ಟಿಕ್ ಗೋಡೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಗಟ್ಟಿಯಾಗಿ ರಿವೆಟ್ ಹೊಡೆದಿದ್ದರೆ ಈ 3 ಮಿ.ಮೀ. ಎಲ್ಲಿಗೆ ಹೋಗಬೇಕು? ರಿವೆಟ್ ತೂತಿಗೇ ಹೋಗುತ್ತದೆ. ಒಳ್ಳೆಯ ತಯಾರಕರು ತೂತನ್ನು ಉದ್ದಕ್ಕೆ ಕೊರೆಯುತ್ತಾರೆ, ತಲೆಯ ಕೆಳಗೆ ಅಗಲದ ವಾಷರ್ ಹಾಕುತ್ತಾರೆ, ಇಲ್ಲವೇ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ ಬಳಸುತ್ತಾರೆ. ಅದು ಹಿಗ್ಗುವುದು ಬಹಳ ಕಡಿಮೆ. ನಿಮ್ಮ ಮಾದರಿಯ ಒಂದು ಪಕ್ಕವನ್ನು ಬಿಚ್ಚಿಸಿ ನೋಡಿ. ಮಾರುವವರು ಬಿಚ್ಚಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಮೂರನೆಯದು ರಿಪೇರಿ. ಅಲ್ಯೂಮಿನಿಯಂ ನೆಗ್ಗುತ್ತದೆ. ನೆಗ್ಗಿದ್ದನ್ನು ಬಡಿದು ಸರಿ ಮಾಡಿ, ಅರ್ಧ ಗಂಟೆಯಲ್ಲಿ ವಾಪಸ್ ಕಳಿಸುತ್ತೇನೆ. ಪ್ಲಾಸ್ಟಿಕ್ ನೆಗ್ಗುವುದಿಲ್ಲ, ಬಾಗಿ ಮತ್ತೆ ಮೊದಲಿನ ಹಾಗೆ ನಿಲ್ಲುತ್ತದೆ. ಆ ಗುಣ ನನಗೆ ನಿಜವಾಗಿಯೂ ಇಷ್ಟ, ಐದು ವರ್ಷ ಕಳೆದರೂ ನೋಡಲು ಹೊಸದರ ಹಾಗೇ ಇರುತ್ತದೆ. ಆದರೆ ಒಡೆದರೆ ಆ ಭಾಗವನ್ನೇ ಬದಲಾಯಿಸಬೇಕು. ಒಳಗೆ ಡ್ರಾಯರ್ ಜಾರುವ ಹಳಿಗಳಿವೆಯಲ್ಲ, ಅವು ಗೋಡೆಯ ಜೊತೆಗೇ ಅಚ್ಚಿನಲ್ಲಿ ಎರಕ ಆಗಿದ್ದರೆ ಒಂದು ಹಳಿ ಮುರಿದಾಗ ಇಡೀ ಗೋಡೆ ಹೋಯಿತು. ಪ್ರತ್ಯೇಕ ಹಳಿ ಇದೆಯಾ ಕೇಳಿ.

ಇನ್ನೊಂದು ಮಾತು. ಕೆಲವು ಹಗುರದ ಟ್ರಾಲಿಗಳ ಗೋಡೆ ಎರಡು ತೆಳು ಹಾಳೆಗಳ ನಡುವೆ ಫೋಮ್ ಅಥವಾ ಜೇನುಗೂಡಿನಂಥ ತಿರುಳು ಇಟ್ಟು ಮಾಡಿದ್ದು. ತಂಪು ಹಿಡಿಯಲು ಬಹಳ ಒಳ್ಳೆಯದು. ಆದರೆ ಅಂಚಿನ ಸೀಲ್ ಒಂದು ಕಡೆ ಬಿಟ್ಟರೆ ತೊಳೆಯುವ ನೀರು ಒಳಗೆ ಸೇರುತ್ತದೆ. ಹೊರಗೆ ಬರಲು ದಾರಿ ಇಲ್ಲ. ನಾನು ಅಂಥ ಒಂದನ್ನು ಕೈಗೆತ್ತಿಕೊಂಡಾಗಲೇ ಅನುಮಾನ ಬಂತು, ತೂಗಿದೆ. ಹೊಸದಿದ್ದಾಗ ಇದ್ದದ್ದಕ್ಕಿಂತ ಎರಡೂವರೆ ಕೆ.ಜಿ. ಜಾಸ್ತಿ. ವಾಸನೆ ಬೇರೆ.

ನಿಮ್ಮ ಹಿರಿಯರು ಚಕ್ರದ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ನನ್ನ ಬೆಂಚಿಗೆ ಅತಿ ಹೆಚ್ಚು ಬರುವುದು ಚಕ್ರ ಮತ್ತು ಬ್ರೇಕ್. ಹಾಗಂತ ತೂಕ ಲೆಕ್ಕಕ್ಕಿಲ್ಲ ಅಂತಲ್ಲ. ತೊಳೆಯುವಲ್ಲಿ ಖಾಲಿ ಟ್ರಾಲಿಯನ್ನು ಹೊಸ್ತಿಲು ದಾಟಿಸಿ, ಓರೆ ಮಾಡಿ, ಎತ್ತಿ ಇಡುವ ಹುಡುಗರಿದ್ದಾರೆ. ಒಂದು ಪಾಳಿಯಲ್ಲಿ ನೂರಾರು ಸಲ. ಅವರಿಗೆ 7 ಕೆ.ಜಿ. ಅಂದರೆ ದೊಡ್ಡ ಸುಖ. ಅವರನ್ನೂ ಒಂದು ಮಾತು ಕೇಳಿ.

ಪರೀಕ್ಷಾ ಕೊಠಡಿ ಉತ್ತರ:

ಬೆಂಕಿಯ ಪ್ರಶ್ನೆ ನನ್ನದು. ಕ್ಯಾಬಿನ್ ವಸ್ತುಗಳನ್ನು ಸುಟ್ಟು ನೋಡುವ ಪ್ರಯೋಗಾಲಯದಲ್ಲಿ ಕೆಲಸ.

ಪ್ಲಾಸ್ಟಿಕ್ ಅಂದ ತಕ್ಷಣ ಹೆದರಬೇಡಿ. ಸೀಟಿನ ಹಿಂಭಾಗ, ಕಿಟಕಿಯ ಸುತ್ತಲಿನ ಪ್ಯಾನಲ್, ಮೇಲಿನ ಲಗೇಜ್ ಪೆಟ್ಟಿಗೆ ಎಲ್ಲದರಲ್ಲೂ ಪ್ಲಾಸ್ಟಿಕ್ ಇದೆ. ಮುಖ್ಯ ಯಾವ ದರ್ಜೆಯದ್ದು ಅನ್ನುವುದು. ದೊಡ್ಡ ಪ್ರಯಾಣಿಕ ವಿಮಾನಗಳ ನಿಯಮ 25.853 ಇದನ್ನು ಹೇಳುತ್ತದೆ. ಲಂಬವಾಗಿ ನಿಲ್ಲಿಸಿದ ತುಂಡಿಗೆ ಕೆಳಗಿನಿಂದ 60 ಸೆಕೆಂಡ್ ಜ್ವಾಲೆ ಹಿಡಿಯುತ್ತೇವೆ. ಜ್ವಾಲೆ ತೆಗೆದ ಮೇಲೆ 15 ಸೆಕೆಂಡ್ ಒಳಗೆ ತಾನಾಗಿ ನಂದಬೇಕು. ಸುಟ್ಟ ಉದ್ದ 152 ಮಿ.ಮೀ. ಮೀರಬಾರದು. ಉರಿಯುವ ಹನಿ ಬಿದ್ದರೆ 3 ಸೆಕೆಂಡ್ ದಾಟಬಾರದು.

ಅಷ್ಟೇ ಅಲ್ಲ. 20 ಅಥವಾ ಹೆಚ್ಚು ಪ್ರಯಾಣಿಕರ ವಿಮಾನದಲ್ಲಿ, ಗ್ಯಾಲಿಯಲ್ಲಿ ನಿಲ್ಲಿಸಿದಾಗ ಹೊರಗೆ ಕಾಣುವ ಟ್ರಾಲಿ ಮುಖಕ್ಕೆ ಶಾಖ ಮತ್ತು ಹೊಗೆಯ ಪರೀಕ್ಷೆಯೂ ಬರುತ್ತದೆ. ಶಾಖದ ಮಿತಿಯನ್ನು ನಾವು 65/65 ಅನ್ನುತ್ತೇವೆ. ಒಂದು ಚದರ ಮೀಟರಿಗೆ ಗರಿಷ್ಠ 65 ಕಿಲೋವ್ಯಾಟ್, ಮೊದಲ ಎರಡು ನಿಮಿಷದ ಒಟ್ಟು 65 ಕಿಲೋವ್ಯಾಟ್-ನಿಮಿಷ. ಸಾಮಾನ್ಯ ಪ್ಲಾಸ್ಟಿಕ್ ಮೊದಲ ಪರೀಕ್ಷೆಯನ್ನು ಹೇಗೋ ದಾಟಿ, ಇಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಮಾದರಿಯ ಪರೀಕ್ಷಾ ವರದಿಯಲ್ಲಿ ಈ ಎರಡು ಅಂಕಿಗಳನ್ನು ಮೊದಲು ಹುಡುಕಿ.

ಬಹಳ ಜನ ಮರೆಯುವ ಸಂಗತಿ: ನಾವು ಪರೀಕ್ಷೆ ಮಾಡುವುದು ಬರೀ ಪ್ಲಾಸ್ಟಿಕ್ ಹಾಳೆಯನ್ನಲ್ಲ, ಮೇಲಿನ ಬಣ್ಣ, ಅಂಟು, ಅಲಂಕಾರದ ಹಾಳೆ ಎಲ್ಲ ಸೇರಿಸಿ. ನಾಳೆ ನಿಮ್ಮ ಮಾರ್ಕೆಟಿಂಗ್ ವಿಭಾಗ ಬಾಗಿಲಿಗೆ ದೊಡ್ಡ ಸ್ಟಿಕ್ಕರ್ ಅಂಟಿಸಿದರೆ ಹಳೆಯ ವರದಿ ಅದಕ್ಕೆ ಅನ್ವಯಿಸುವುದಿಲ್ಲ. ಈ ಕಾರಣಕ್ಕೆ ಟ್ರಾಲಿಗಳನ್ನು ಪಕ್ಕಕ್ಕೆ ಇಟ್ಟಿದ್ದನ್ನು ನೋಡಿದ್ದೇನೆ.

ಕಸ ತುಂಬುವ ಟ್ರಾಲಿಯನ್ನು ಬೇರೆಯೇ ನೋಡಿ. ಕಸಕ್ಕೆ ಬೆಂಕಿ ಬಿದ್ದರೆ ಅದು ಒಳಗೇ ಉಳಿದು ಸಾಯಬೇಕು ಅನ್ನುವುದು ನಿಯಮ. ಬಾಗಿಲಿನ ಸೀಲ್ ಕಿತ್ತಿದ್ದರೆ, ಗೋಡೆಯಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆ. ರಿಪೇರಿ ಬೆಂಚಿನವರು ಹೇಳಿದ ಕೂದಲೆಳೆ ಬಿರುಕು ನನಗೆ ಇಲ್ಲಿ ಭಯ ಹುಟ್ಟಿಸುತ್ತದೆ.

ಬಲದ ವಿಷಯ: ಟ್ರಾಲಿಗೆ ಅಮೆರಿಕದ ವಿಮಾನಯಾನ ನಿಯಂತ್ರಕರ ಟಿಎಸ್‌ಒ-ಸಿ175 ಅನ್ನುವ ಅನುಮೋದನೆ ಇರಬೇಕೆಂದು ಕೇಳಿ, ಯುರೋಪಿನಲ್ಲಿ ಅದಕ್ಕೆ ಇಟಿಎಸ್‌ಒ ಅನ್ನುತ್ತಾರೆ. ತುರ್ತು ಇಳಿಯುವಿಕೆಯ ಲೆಕ್ಕದಲ್ಲಿ ಮುಂದಕ್ಕೆ 9 ಜಿ, ಕೆಳಕ್ಕೆ 6 ಜಿ, ಮೇಲಕ್ಕೆ 3 ಜಿ ತಾಳಬೇಕು. 80 ಕೆ.ಜಿ. ಟ್ರಾಲಿಗೆ 9 ಜಿ ಅಂದರೆ 720 ಕೆ.ಜಿ. ಭಾರ ನೂಕಿದ ಹಾಗೆ. ಆ ಹೊತ್ತಿನಲ್ಲಿ ಬಾಗಿಲು ತೆರೆದುಕೊಂಡು ಒಳಗಿನದೆಲ್ಲ ಹೊರಗೆ ಹಾರಬಾರದು. ಟ್ರಾಲಿ ಮೇಲಿನ ಫಲಕದಲ್ಲಿ ಗರಿಷ್ಠ ಒಟ್ಟು ತೂಕ ಬರೆದಿರುತ್ತದೆ. ಕೆಲವು ಹಗುರದ ಮಾದರಿಗಳಲ್ಲಿ ಆ ಅಂಕಿಯೂ ಕಡಿಮೆ. ಪಾನೀಯ ತುಂಬಿದ ಟ್ರಾಲಿ ಅದನ್ನು ದಾಟದ ಹಾಗೆ ನೋಡಿಕೊಳ್ಳಿ.

ಹಾಗೆಯೇ ಅಳತೆ. ಟ್ರಾಲಿ, ಗ್ಯಾಲಿಗಳಿಗೆ ಅಟ್ಲಾಸ್, ಕೆಎಸ್‌ಎಸ್‌ಯು ಅನ್ನುವ ಎರಡು ಬಗೆಯ ಅಳತೆಗಳಿವೆ. ನಿಮ್ಮ ಗ್ಯಾಲಿ ಅಟ್ಲಾಸ್ ಅಳತೆಯದ್ದಾ, ಕೆಎಸ್‌ಎಸ್‌ಯು ಅಳತೆಯದ್ದಾ ಖಚಿತ ಮಾಡಿಕೊಳ್ಳಿ. ಡ್ರಾಯರುಗಳ ಅಳತೆಯನ್ನೂ ನೋಡಿ. ಕೆಎಸ್‌ಎಸ್‌ಯು ಅಂದರೆ ಕೆಎಲ್‌ಎಂ, ಎಸ್‌ಎಎಸ್, ಸ್ವಿಸ್‌ಏರ್, ಯುಟಿಎ ಅನ್ನುವ ನಾಲ್ಕು ಕಂಪನಿಗಳ ಮೊದಲಕ್ಷರ. ಅದರಲ್ಲಿ ಎರಡು ಕಂಪನಿ ಈಗ ಇಲ್ಲವೇ ಇಲ್ಲ. ಅವರು ಹಾಕಿಕೊಟ್ಟ ಅಳತೆ ಮಾತ್ರ ಇವತ್ತಿಗೂ ಗ್ಯಾಲಿಗಳಲ್ಲಿ ನಿಂತಿದೆ.

ಗ್ಯಾಲಿಯವಳು ಉತ್ತರ:

ಮೂವರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಅಕ್ಕ, ಇವತ್ತು ತೊಳೆಯುವ ಕಡೆ ಹೋಗಿ ನಮ್ಮ ಹಳೆಯ ಟ್ರಾಲಿಗಳಲ್ಲಿ ಹತ್ತನ್ನು ತಿರುಗಿಸಿ ಚಕ್ರ ನೋಡಿದೆ. ಆರರಲ್ಲಿ ನೂಲು ಸುತ್ತಿತ್ತು. ನನಗೆ ಸುಮ್ನೆ ಬೇಜಾರಾಯಿತು. ಇಷ್ಟು ವರ್ಷ ತಳ್ಳಿದೆ, ಒಂದು ದಿನವೂ ಕೆಳಗೆ ಬಗ್ಗಿ ನೋಡಲಿಲ್ಲ.

ಇಂಧನದ ಲೆಕ್ಕ ನಮ್ಮ ಫ್ಲೈಟ್ ಪ್ಲಾನಿಂಗ್ ಸಹೋದ್ಯೋಗಿ ಮಾಡಿಕೊಟ್ಟರು. ಹೆಚ್ಚುವರಿ ತೂಕದ ಸುಮಾರು ಶೇ. 3ರಷ್ಟು ಇಂಧನ ಒಂದು ಗಂಟೆಗೆ ಉರಿಯುತ್ತದೆ ಅನ್ನುವುದು ಅವರ ಒರಟು ಲೆಕ್ಕ. 56 ಕೆ.ಜಿ.ಗೆ ಗಂಟೆಗೆ 1.7 ಕೆ.ಜಿ. ಒಂದು ವಿಮಾನ ವರ್ಷಕ್ಕೆ 3000 ಗಂಟೆ ಹಾರಿದರೆ 5 ಟನ್ ಇಂಧನ. ಒಂದು ಕೆ.ಜಿ. ಇಂಧನಕ್ಕೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು 16 ಟನ್. ಇದು ಒಂದೇ ವಿಮಾನಕ್ಕೆ. ಸಣ್ಣದಲ್ಲ ಅಲ್ವಾ? ಹಾಗಾಗಿ ಪ್ಲಾಸ್ಟಿಕ್ ಬೇಡ ಅಂತ ಬರೆಯಲು ನನಗೆ ಮನಸ್ಸಿಲ್ಲ. ಬೇಕು ಅಂತ ಬರೆಯುವ ಮೊದಲು ಏನೇನು ಮಾಡಿಸಲಿ?

ರಿಪೇರಿ ಬೆಂಚು ಉತ್ತರ:

ನಾನೂ ಬೇಡ ಅನ್ನುವವನಲ್ಲ ಮೇಡಂ. ಸರಿಯಾಗಿ ಮಾಡಿದ, ಸರಿಯಾಗಿ ತೊಳೆದ ಪ್ಲಾಸ್ಟಿಕ್ ಟ್ರಾಲಿ ಒಳ್ಳೆಯ ವಸ್ತು.

ಮೊದಲು ಆ ಲೆಕ್ಕಕ್ಕೆ ಒಂದು ತಿದ್ದುಪಡಿ. ವಿಮಾನದಲ್ಲಿ ಎಂಟು ಇದ್ದರೆ ನೀವು ಕೊಳ್ಳಬೇಕಾದದ್ದು ಎಂಟಲ್ಲ. ಒಂದು ಸೆಟ್ ಹಾರುತ್ತಿರುತ್ತದೆ, ಒಂದು ತೊಳೆಯುವಲ್ಲಿ, ಒಂದು ತುಂಬಿಸುವಲ್ಲಿ, ಮತ್ತೊಂದು ಬೇರೆ ನಿಲ್ದಾಣದಲ್ಲಿ ಸಿಕ್ಕಿಕೊಂಡಿರುತ್ತದೆ. ಹಳೆಯದು ಹೊಸದು ಬೆರೆತರೆ ಇವತ್ತು ಈ ವಿಮಾನಕ್ಕೆ ಹಗುರದ್ದು ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಗ ಲೋಡ್ ಶೀಟಿನಲ್ಲಿ, ಅಂದರೆ ವಿಮಾನದ ತೂಕದ ಪಟ್ಟಿಯಲ್ಲಿ, ಹಳೆಯ ತೂಕವೇ ಉಳಿಯುತ್ತದೆ, ಪೈಲಟ್ ಆ ತೂಕಕ್ಕೇ ಇಂಧನ ತುಂಬಿಸುತ್ತಾರೆ. ಅದಕ್ಕೆ ಒಂದು ಮಾದರಿಯ ವಿಮಾನಗಳಿಗೆ ಪೂರ್ತಿ ಒಂದೇ ಸಲ ಬದಲಾಯಿಸಿ, ತೂಕದ ಪಟ್ಟಿಯನ್ನೂ ಅದೇ ದಿನ ಬದಲಾಯಿಸಿ.

ಪರೀಕ್ಷೆಗೆ ಆರು ಟ್ರಾಲಿ ಕೇಳಿ, ಒಂದಲ್ಲ. ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಸೋಪಿನಲ್ಲಿ, ನಿಮ್ಮದೇ ಬಿಸಿಯಲ್ಲಿ ಇನ್ನೂರು ಸಲ ತೊಳೆಸಿ. ನಡುನಡುವೆ ಡ್ರೈ ಐಸ್ ಹಾಕಿ ತಣ್ಣಗೆ ಮಾಡಿಸಿ. ಪ್ರತಿ ಇಪ್ಪತ್ತು ತೊಳೆತಕ್ಕೊಮ್ಮೆ ಕತ್ತಲೆ ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಸ್ಕ್ರೂ ಸುತ್ತ ನೋಡಿ. ಬಿರುಕು ಬೆಳ್ಳಿಗೆರೆಯ ಹಾಗೆ ಹೊಳೆಯುತ್ತದೆ. ಪ್ರತಿ ಸಲ ಒಣಗಿಸಿ ತೂಗಿ, ಅಂಕಿಯನ್ನು ತಳದಲ್ಲೇ ಮಾರ್ಕರಿನಲ್ಲಿ ಬರೆಯಿರಿ. ತೂಗುವಾಗ ಡ್ರೈ ಐಸ್ ತಟ್ಟೆ, ಬಂಪರ್ ಎಲ್ಲ ಇರಲಿ. ಕ್ಯಾಟಲಾಗಿನ ತೂಕದಲ್ಲಿ ಇವು ಬಹಳ ಸಲ ಸೇರಿರುವುದಿಲ್ಲ.

ಸೋಪಿನ ವಿಷಯವನ್ನು ಬಾಯಿಮಾತಿಗೆ ಬಿಡಬೇಡಿ. ಡ್ರಮ್ಮಿನ ಲೇಬಲ್ ಕಳಿಸಿ, ಇದರಲ್ಲಿ ತೊಳೆದರೆ ವಾರಂಟಿ ಇರುತ್ತದಾ ಅಂತ ಕೇಳಿ.

ಗ್ಯಾಲಿಯವಳು ಉತ್ತರ:

ಕಳಿಸಿದೆ. ನಮ್ಮ ಸೋಪಿನ ಪಿಎಚ್ 13 ಅಂತ ಲೇಬಲ್ಲಿನಲ್ಲಿದೆ, ಅಂದರೆ ಗಟ್ಟಿ ಕ್ಷಾರ. ಮಾರುವವರು ಮೂರು ದಿನ ಸುಮ್ಮನಿದ್ದು ಇವತ್ತು ಬರೆದಿದ್ದಾರೆ: ಆ ಸೋಪಿಗೆ ವಾರಂಟಿ ಇಲ್ಲ, ಆದರೆ ಗಾಜಿನ ನಾರಿನ ಇನ್ನೊಂದು ಮಾದರಿ ಇದೆ, ಅದು ತಾಳುತ್ತದೆ, ತೂಕ ಒಂದೂವರೆ ಕೆ.ಜಿ. ಜಾಸ್ತಿ. ಆರು ಟ್ರಾಲಿ ಮುಂದಿನ ತಿಂಗಳು ಬರುತ್ತವೆ. ತೊಳೆಯುವ ಕಡೆಯ ಹುಡುಗರಿಗೆ ಟಾರ್ಚ್ ಕೊಡಿಸಿದ್ದೇನೆ. ಹಳೆಯ ಟ್ರಾಲಿಗಳ ಚಕ್ರ ಬಿಚ್ಚಿ ತೊಳೆಯುವ ಕೆಲಸ ಮಾತ್ರ ನಿನ್ನೆಯಿಂದಲೇ ಶುರುವಾಗಿದೆ.